ದೇವರ ಎತ್ತಿಗೆ ನೀರು ಕುಡಿಸಿದವನು

ದೇವರ ವಿಷಯಕ್ಕೆ ನಾನು ಯಾರ ಜೊತೆಗೂ ಜಗಳಕ್ಕೆ ನಿಂತವಳಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡಿದ್ದೇನೆ, ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುತ್ತೇನೆ, ಅಲ್ಲಿಗೆ ನನ್ನ ದೇವರ ಕೆಲಸ ಮುಗೀತು. ಅಂಥವಳು ಒಬ್ಬ ಜವಾನನ ಸಲುವಾಗಿ ಚಳ್ಳಕೆರೆಯಲ್ಲಿ ಒಬ್ಬ ಪಾಸ್ಟರ್ ಹತ್ತಿರ, ಮೊಳಕಾಲ್ಮುರಿನಲ್ಲಿ ಇನ್ನೊಬ್ಬರ ಹತ್ತಿರ ಹೋಗಿ ಬಾಯಿ ಮಾಡಿ ಬಂದೆ. ಎರಡು ಕಡೆಯೂ ಸೋತೆ. ಅವನು ಹೋಗಿ ಒಂದು ಮಳೆಗಾಲ ಕಳೆಯಿತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಅವನು ನಮ್ಮ ಹೈಸ್ಕೂಲಿನ ಜವಾನ. ಉಳ್ಳಾರ್ತಿ ಕಾವಲಿನ ಪಕ್ಕದ ಶಾಲೆ. ನಾನು ಚಳ್ಳಕೆರೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ವರ್ಗವಾಗಿ ಹೋದ ಮೊದಲ ದಿನ ಗೇಟಿನ ಹೊರಗೆ ಒಂದು ಜೊತೆ ಹವಾಯಿ ಚಪ್ಪಲಿ ಬಿಟ್ಟಿದ್ದು ಕಂಡಿತು. ಯಾರದು ಅಂತ ಕೇಳಿದೆ.

"ನಂದೇ ರೀ ಟೀಚರಮ್ಮ. ಮಕ್ಕಳು ಇರೋ ಜಾಗ ಅಲ್ಲೇನ್ರಿ, ಮೆಟ್ಟು ಹಾಕ್ಕೊಂಡು ಒಳಗೆ ಬರಾಕೆ ಮನ್ಸು ಬರಲ್ಲ."

"ಮಕ್ಕಳೇ ಶೂ ಹಾಕ್ಕೊಂಡು ಬರ್ತಾವೆ, ನಿಂದೇನಯ್ಯ ಮಡಿ?" ಅಂದೆ. ನಕ್ಕು ಗಂಟೆ ಹೊಡೆಯಲು ಹೋದ. ಮುಳ್ಳು, ಕಲ್ಲು ತುಂಬಿದ ಆ ಅಂಗಳದಲ್ಲಿ ಅವನು ಕೆಲಸ ಮಾಡಿದಷ್ಟು ಕಾಲವೂ ಬರಿಗಾಲಲ್ಲೇ ಓಡಾಡಿದ. ಅದು ಅವನ ಹಟ್ಟಿಯಿಂದ ಬಂದ ಅಭ್ಯಾಸ ಅಂತ ನನಗೆ ಆಮೇಲೆ ತಿಳಿಯಿತು.

ಅವನ ಹಟ್ಟಿಯವರು ದೇವರ ಎತ್ತು ಸಾಕುವವರು. ನಮ್ಮ ಕಡೆಯವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಇವು ಹೂಡುವ ಎತ್ತಲ್ಲ, ಮಾರುವ ಎತ್ತೂ ಅಲ್ಲ. ದೇವರ ಹೆಸರಿಗೆ ಬಿಟ್ಟ ದನ. ಅವಕ್ಕೆ ನೊಗ ಕಟ್ಟುವುದಿಲ್ಲ, ಅವನ್ನು ಕೂಡುವ ಮುಳ್ಳುಬೇಲಿಯ ರೊಪ್ಪದೊಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಕಾಯುವವನಿಗೆ ಕಿಲಾರಿ ಅನ್ನುತ್ತಾರೆ. ಎತ್ತು ಸತ್ತರೆ ಮನೆಯ ಹಿರಿಯರಿಗೆ ಮಾಡಿದ ಹಾಗೆ ಮೈ ತೊಳೆದು, ಅರಿಶಿನ ಹಚ್ಚಿ, ಹೊಸ ಕಂಬಳಿ ಹೊದಿಸಿ ಮಣ್ಣು ಮಾಡುತ್ತಾರೆ. ನೌಕರಿ ಸಿಗುವ ತನಕ ಇವನು ಕಿಲಾರಿಯಾಗಿದ್ದ. ಕಾವಲಿನ ಹುಲ್ಲುಗಾವಲನ್ನು ಸರ್ಕಾರ ತೆಗೆದುಕೊಂಡು ಸುತ್ತ ಗೋಡೆ ಎಬ್ಬಿಸಿದ ಮೇಲೆ ಮೇವಿನ ಜಾಗ ಕಮ್ಮಿಯಾಗಿ, ದನವೂ ಕಮ್ಮಿಯಾಗಿ, ಇವನು ಶಾಲೆಗೆ ಬಂದ. ಅವನ ತಮ್ಮ ಮಾತ್ರ ರೊಪ್ಪದಲ್ಲೇ ಉಳಿದ.

ಮಕ್ಕಳನ್ನು ಸಾಲಿಗೆ ನಿಲ್ಲಿಸುವಾಗ ನಾವೆಲ್ಲ ಕಿರುಚುತ್ತಿದ್ದೆವು. ಅವನು ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಲೊಟ್ಟ ಅಂತ ಒಂದು ಸದ್ದು ಮಾಡಿ ಕೈ ಅಡ್ಡ ಹಿಡಿದರೆ ಸಾಕು, ಎಂಟನೇ ಕ್ಲಾಸಿನ ದಾಂಡಿಗರು ತೆಪ್ಪಗೆ ಸಾಲಿಗೆ ಬರುತ್ತಿದ್ದರು. "ಲೇ, ನಾವೇನು ದನವೇನೋ?" ಅಂತ ಯಾವನೋ ಕೇಳಿದ್ದಕ್ಕೆ, "ದನ ಆಗಿದ್ರೆ ಇಷ್ಟು ಹೊತ್ತು ಬೇಕಾಗ್ತಿರಲಿಲ್ಲ ಬಿಡು" ಅಂದಿದ್ದ.

ಅವನಿಗೆ ಇದ್ದದ್ದು ಒಬ್ಬಳೇ ಮಗಳು. ಹೆಂಡತಿ ಬಾಣಂತನದಲ್ಲೇ ತೀರಿಕೊಂಡಿದ್ದಳು. ಮತ್ತೆ ಮದುವೆಯಾಗು ಅಂತ ಎಲ್ಲರೂ ಹೇಳಿದರು, ಆಗಲಿಲ್ಲ. ಮಗಳಿಗೆ ತಾನೇ ಜಡೆ ಹೆಣೆಯುತ್ತಿದ್ದ. ಹಗ್ಗ ಹೊಸೆದ ಕೈ, ಎಷ್ಟು ಬಿಗಿಯಾಗಿ ಹೆಣೆಯುತ್ತಿದ್ದನೆಂದರೆ ಆ ಹುಡುಗಿಯ ಹುಬ್ಬು ಮೇಲಕ್ಕೆ ಎಳೆದುಕೊಂಡು ಇಡೀ ದಿನ ಬೆರಗಾದವಳಂತೆ ಕಾಣುತ್ತಿದ್ದಳು. ನನ್ನ ಕ್ಲಾಸಿನಲ್ಲೇ ಕೂರುತ್ತಿದ್ದಳು. ಒಂದು ದಿನ ನಾನೇ ಬಿಚ್ಚಿ ಸಡಿಲ ಹೆಣೆದು ಕಳಿಸಿದೆ. ಮಾರನೇ ದಿನ ಅವನು ಸ್ಟಾಫ್ ರೂಮಿನ ಬಾಗಿಲಿಗೆ ಬಂದು, "ಸಂಜೆ ಹೊತ್ತಿಗೆ ಎಲ್ಲಾ ಬಿಚ್ಚಿಹೋಗಿತ್ತು ರೀ" ಅಂತ ದೂರು ಹೇಳಿದ.

ಒಂಬತ್ತನೇ ಕ್ಲಾಸಿಗೆ ಬಂದ ವರ್ಷ ಅವಳ ಮುಖ ಊದಿಕೊಳ್ಳತೊಡಗಿತು. ಕಿಡ್ನಿ ಅಂದರು. ದಾವಣಗೆರೆಯ ಆಸ್ಪತ್ರೆಯಲ್ಲಿ ಇಟ್ಟರು. ತಮ್ಮ ಒಮ್ಮೆ ಬಂದು ಅವಳ ಹಣೆಗೆ ಹಟ್ಟಿಯ ದೇವರ ಭಂಡಾರದ ಅರಿಶಿನ ಹಚ್ಚಿ ಹೋದ. ನಾವು ಟೀಚರುಗಳು ಭಾನುವಾರ ಹಣ್ಣು ಹಿಡಿದುಕೊಂಡು ಹೋಗಿ ಬರುತ್ತಿದ್ದೆವು. ದಿನಾ ಬಂದು ಕೂತವರು ಪ್ರಾರ್ಥನಾಲಯದವರು. ಚಳ್ಳಕೆರೆಯ ಒಂದು ಸಣ್ಣ ಕ್ರೈಸ್ತ ಸಭೆಯವರು, ಅವರ ಪೈಕಿ ಯಾರೋ ಪಕ್ಕದ ಹಾಸಿಗೆಯಲ್ಲಿದ್ದರು. ಅವರನ್ನು ನೋಡಲು ಬಂದವರು ಇವಳ ಹತ್ತಿರವೂ ಕೂತರು. ಗಂಜಿ ತಂದರು, ಹಾಡು ಹೇಳಿಕೊಟ್ಟರು, ಅವನು ಬಚ್ಚಲಿಗೆ ಹೋದಾಗ ಅವಳ ಕಾಲು ಒತ್ತಿದರು. ನಾನು ಕಣ್ಣಾರೆ ಕಂಡಿದ್ದೇನೆ, ಒಳ್ಳೆಯ ಜನ. ಇದನ್ನು ಹೇಳದೆ ಮುಂದಿನದನ್ನು ಹೇಳಿದರೆ ನನ್ನ ಬಾಯಿಗೆ ಹುಳ ಬೀಳುತ್ತದೆ.

ಹುಡುಗಿ ಯೇಸುವನ್ನು ಹಿಡಿದುಕೊಂಡಳು. ಯಾರ ಒತ್ತಾಯವೂ ಇರಲಿಲ್ಲ. ನಾನು ಹೋದಾಗ ಊದಿದ ಮುಖದಲ್ಲೇ ನಗುತ್ತಾ ಹಾಡು ಹೇಳಿ ತೋರಿಸಿದಳು. ಜೀವ ಹೋಗುವ ಮುಂಚೆ ಅಪ್ಪನ ಕೈ ಹಿಡಿದುಕೊಂಡು, "ನೀನೂ ಬಾ ಅಪ್ಪಾ" ಅಂದಳಂತೆ. ಅಷ್ಟೇ ಅಂದದ್ದು. ಚಳ್ಳಕೆರೆಯ ಹೊರಗೆ ಸಭೆಯವರ ಒಂದು ತುಂಡು ನೆಲದಲ್ಲಿ ಅವಳನ್ನು ಮಣ್ಣು ಮಾಡಿದರು.

ಮಗಳು ಬಾ ಅಂದ ಮೇಲೆ ಅವನು ಹೋಗದೆ ಇರುತ್ತಾನೆಯೇ? ಯಾರದೋ ಹೊಲದ ಕೃಷಿ ಹೊಂಡದಲ್ಲಿ ದೀಕ್ಷಾಸ್ನಾನ ಮಾಡಿಸಿದರು. ಹಟ್ಟಿಯವರು ಅವನ ಮನೆಯ ನೀರು ಮುಟ್ಟುವುದನ್ನು ಬಿಟ್ಟರು. ಒಡಹುಟ್ಟಿದ ತಮ್ಮನೂ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸಿದ. ಅವನಿಗೆ ಅದರ ನೋವು ಇತ್ತು. ಆದರೂ ಆ ಒಂದೆರಡು ವರ್ಷ ಅವನಷ್ಟು ಸಮಾಧಾನದ ಮನುಷ್ಯನನ್ನು ನಾನು ಕಂಡಿಲ್ಲ. "ನನ್ನ ರಕ್ಷಣೆ ಆಗೈತೆ ರೀ ಟೀಚರಮ್ಮ. ಇನ್ನ ದಿನ ಬಂದಾಗ ಹೋಗೋದು, ಕೂಸನ್ನ ನೋಡೋದು" ಅನ್ನುತ್ತಿದ್ದ. ರಕ್ಷಣೆ ಅಂದರೆ ಅವರ ಮಾತಿನಲ್ಲಿ ಪಾಪ ಕಳೆದು ಪರಲೋಕದಲ್ಲಿ ಜಾಗ ಖಾತ್ರಿಯಾಗುವುದು. ಬಸ್ಸಿನ ಕಿಟಕಿಯಲ್ಲಿ ಟವೆಲ್ ಹಾಕಿ ಸೀಟು ಹಿಡಿದು, ಬೀಡಿ ಸೇದುತ್ತಾ ಕೆಳಗೆ ನಿಂತವನ ನೆಮ್ಮದಿ ಅದು.

ಕ್ರಿಸ್ಮಸ್ಸಿಗೆ ಸಭೆಯಲ್ಲಿ ಕೋಳಿ ಬಿರಿಯಾನಿ ಮಾಡುತ್ತಿದ್ದರು. ಅವನ ಹಟ್ಟಿಯವರು ಕೋಳಿ ಮುಟ್ಟುವವರಲ್ಲ. ಇವನು ಪಕ್ಕದವನಿಗೆ ತನ್ನ ತಟ್ಟೆ ದಾಟಿಸಿ ಬಾಳೆಹಣ್ಣು ತಿಂದು ಬರುತ್ತಿದ್ದ. "ಯೇಸಪ್ಪ ಕೋಳಿ ತಿನ್ನಬೇಡ ಅಂತ ಹೇಳಿಲ್ಲ ಕಣಯ್ಯ" ಅಂತ ಕಾಲೆಳೆದೆ. "ತಿನ್ನಲೇಬೇಕು ಅಂತಾನೂ ಹೇಳಿಲ್ಲಲ್ರಿ" ಅಂದ.

ಆಮೇಲೆ ಆ ಎತ್ತಿನ ಸಂಗತಿ ಬಂತು.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅವನ ತಮ್ಮ ಬಂದು ಶಾಲೆಯ ಗೇಟಿನಲ್ಲಿ ನಿಂತ. ದೀಕ್ಷಾಸ್ನಾನವಾದಾಗಿನಿಂದ ಮಾತು ಬಿಟ್ಟವನು. ನಾನು ಅಲ್ಲೇ ಕೈ ತೊಳೆಯುತ್ತಿದ್ದೆ, ಎಲ್ಲ ಕೇಳಿಸಿತು. ರೊಪ್ಪದ ಹಿರಿಯ ಎತ್ತು ಮಲಗಿಬಿಟ್ಟಿದೆ, ಮೇವು ಬಿಟ್ಟಿದೆ, ನೀರು ಮುಟ್ಟುತ್ತಿಲ್ಲ, ಜೀವವೂ ಹೋಗುತ್ತಿಲ್ಲ. ಅವರ ಹಟ್ಟಿಯಲ್ಲಿ ಒಂದು ಪದ್ಧತಿ. ಕರು ಹುಟ್ಟಿದಾಗ ಯಾವ ಕಿಲಾರಿ ಅದನ್ನು ಎತ್ತಿಕೊಂಡು ರೊಪ್ಪಕ್ಕೆ ತಂದನೋ ಅವನ ಕೈಯಿಂದಲೇ ಅದಕ್ಕೆ ಕೊನೆಯ ನೀರು. ಈ ಎತ್ತನ್ನು ತಂದವನು ಇವನು.

"ನಿನ್ನ ಕೈ ನೀರಿಗೆ ಕಾಯ್ತೈತೆ ಅಣ್ಣ. ನಿನ್ನ ದೇವ್ರು ಬೇರೆ ಆಗಿದ್ರೆ ಆಗ್ಲಿ. ಆ ಮೂಕ ಜೀವ ನಿಂಗೇನು ಮಾಡಿತ್ತು?"

ಅವನು ನನ್ನ ಮುಖ ನೋಡಿದ. "ಹೋಗ್ಲೇನ್ರಿ ಟೀಚರಮ್ಮ?"

"ದನಕ್ಕೆ ನೀರು ಕೊಡೋಕೆ ಯಾವ ದೇವರ ಅಪ್ಪಣೆ ಬೇಕಯ್ಯ, ಹೋಗು" ಅಂದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಹೋದ. ನೀರು ಕುಡಿಸಿದ. ಅವನು ಬೊಗಸೆಯಲ್ಲಿ ಹಿಡಿದ ನೀರನ್ನು ಎತ್ತು ಕುಡಿಯಿತಂತೆ, ಕುಡಿದು ಮೂತಿಯನ್ನು ಅವನ ಅಂಗೈಮೇಲೇ ಇಟ್ಟುಕೊಂಡು ಪ್ರಾಣ ಬಿಟ್ಟಿತಂತೆ. ಅಷ್ಟಕ್ಕೇ ನಿಂತಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಇವನು ಬಗ್ಗಿ ಅದರ ಗೊರಸಿಗೆ ಹಣೆ ಮುಟ್ಟಿಸಿದ. "ಅಪ್ಪಾ ಸ್ವಾಮೀ, ಬಿಟ್ಟು ಹೋದೆ, ತಪ್ಪಾಯ್ತು" ಅಂದ. ಸುತ್ತ ನಿಂತವರಲ್ಲಿ ಯಾವನೋ ಮೊಬೈಲಿನಲ್ಲಿ ಹಿಡಿದ. ಅದು ಫೋನಿಂದ ಫೋನಿಗೆ ಹೋಗಿ, ಭಾನುವಾರದೊಳಗೆ ಸಭೆಯವರೆಲ್ಲರ ಕೈಯಲ್ಲೂ ಇತ್ತು.

"ಬೇಕಂತ ಮಾಡಿಲ್ಲ ರೀ," ಅಂದ ನನ್ನ ಹತ್ತಿರ. "ತಲೆ ತಾನಾಗೇ ಬಾಗ್ತು. ಬಾಯಿ ತಾನಾಗೇ ಅಂತು. ಅದು ನಾನೋ ಅಲ್ಲೋ ನಂಗೇ ಗೊತ್ತಿಲ್ಲ."

ಆ ಭಾನುವಾರ ಸಭೆಯಲ್ಲಿ ಕರ್ತನ ಭೋಜನ, ಯೇಸುವಿನ ನೆನಪಿಗೆ ವಿಶ್ವಾಸಿಗಳೆಲ್ಲ ರೊಟ್ಟಿ ಹಂಚಿಕೊಳ್ಳುವ ದಿನ. ರೊಟ್ಟಿಯ ತಟ್ಟೆ ಸಾಲಿನಲ್ಲಿ ಬಂತು, ಇವನ ಮುಂದೆ ನಿಲ್ಲದೆ ಪಕ್ಕದವನಿಗೆ ಹೋಯಿತು. ಆಮೇಲೆ ಪಾಸ್ಟರ್ ಕೂರಿಸಿಕೊಂಡು ಹೇಳಿದರಂತೆ: ಒಂದು ಸಲ ಬೆಳಕು ಕಂಡು, ಅದರ ರುಚಿಯನ್ನೂ ನೋಡಿ, ಮತ್ತೆ ಹಿಂದಕ್ಕೆ ಬಿದ್ದವನನ್ನು ಇನ್ನೊಮ್ಮೆ ಎಬ್ಬಿಸಿ ನಿಲ್ಲಿಸುವುದು ಆಗದ ಮಾತು, ಹಾಗಂತ ಗ್ರಂಥದಲ್ಲೇ ಇದೆ. ರಕ್ಷಣೆ ಕೈಬಿಟ್ಟು ಹೋಗುವಂಥದ್ದು. ನೀನು ಕಳೆದುಕೊಂಡಿದ್ದೀಯ ಅಂತ ನನಗೆ ಭಯ.

ಇವನು ಬಂದು ನನ್ನನ್ನು ಕೇಳಿದ್ದು ಒಂದೇ. "ನೀವು ಓದಿದೋರು. ಹಂಗಾದ್ರೆ ಕೂಸು ನಂಗೆ ಸಿಗಲ್ವೇನ್ರಿ?"

ನನ್ನ ಮೈ ಉರಿದುಹೋಯಿತು. ಸೆರಗು ಸಿಕ್ಕಿಸಿಕೊಂಡು ಸೀದಾ ಪಾಸ್ಟರ್ ಮನೆಗೆ ಹೋದೆ. ನನ್ನ ಮಗನ ವಯಸ್ಸಿನ ಹುಡುಗ. ಕುರ್ಚಿ ಹಾಕಿದ, ಹೆಂಡತಿಯನ್ನು ಕರೆದು ಟೀ ಮಾಡಿಸಿದ. ಒರಟನಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಬಿದ್ದ ಮಗೂನ ಎತ್ತಲ್ಲ ಅನ್ನೋ ಅಪ್ಪ ಎಂಥ ಅಪ್ಪ ನಿಮ್ಮೋನು?" ಅಂದೆ.

"ಅಮ್ಮಾ, ನಾನು ಬರೆದ ಮಾತಲ್ಲ ಅದು. ನಂಗೂ ನಿದ್ದೆ ಇಲ್ಲ" ಅಂದ. ಕಣ್ಣು ನಿಜಕ್ಕೂ ಕೆಂಪಗಿತ್ತು. "ಒಂದು ದಾರಿ ನೋಡೋಣ. ಸಭೆ ಮುಂದೆ ನಿಂತು, ಅದು ದೇವರಲ್ಲ, ಅದರಲ್ಲಿದ್ದದ್ದು ದೆವ್ವ, ನಾನು ದೆವ್ವಕ್ಕೆ ಅಡ್ಡಬಿದ್ದೆ, ಅದನ್ನ ಬಿಟ್ಟೆ ಅಂತ ಬಾಯಿಬಿಟ್ಟು ಹೇಳ್ಲಿ. ಹಿರಿಯರಿಗೆ ನಾನು ಹೇಳ್ತೀನಿ."

ನನಗೆ ಅದು ಸಲೀಸು ಅನ್ನಿಸಿತು. ನಾಲ್ಕು ಮಾತು, ಹೇಳಿ ಮುಗಿಸಯ್ಯ ಅಂದೆ. ಅವನು ಒಪ್ಪಿದ, ಶಾಲೆಯ ಹಿಂದೆ ನಿಂತು ಮಗ್ಗಿ ಬಾಯಿಪಾಠ ಮಾಡುವ ಹುಡುಗರ ಹಾಗೆ ಹೇಳಿ ಹೇಳಿ ಅಭ್ಯಾಸ ಮಾಡಿದ. ಭಾನುವಾರ ಸಭೆಯ ಮುಂದೆ ನಿಂತ. "ಅದು ದೇವರಲ್ಲ" ಅನ್ನುವವರೆಗೆ ಬಂತು. ಮುಂದೆ ನಾಲಿಗೆ ಹೊರಳಲಿಲ್ಲ. ಎಲ್ಲರೂ ಕಾದರು. ಹೆಂಗಸರು ಪ್ರಾರ್ಥನೆ ಶುರುಮಾಡಿದರು. ಅವನು ಕೈಮುಗಿದು ಹೊರಗೆ ಬಂದುಬಿಟ್ಟ.

"ದೇವರಲ್ಲ ಅಂತ ಹೇಳ್ದೆ ರೀ. ಅದು ನಿಜ. ದೆವ್ವ ಅಂತ ಹೆಂಗೆ ಹೇಳ್ಲಿ? ಹುಟ್ಟಿದ ದಿನ ಎದೆಗೆ ಒತ್ಕೊಂಡು ತಂದ ಕರು. ನನ್ನ ಅಂಗೈನಾಗೆ ಉಸಿರು ಬಿಟ್ಟೈತೆ."

ಮನಸ್ಸು ಕಲ್ಲಾಗಿರುವುದಕ್ಕೆ ಇದೇ ಸಾಕ್ಷಿ ಅಂದರು ಸಭೆಯ ಹಿರಿಯರು. ಅಲ್ಲಿಂದ ಅವನು ಭಾನುವಾರ ಹೋದರೂ ಬಾಗಿಲ ಹೊರಗೆ ಚಪ್ಪಲಿಗಳ ಹತ್ತಿರ ಕೂತು ಬರುತ್ತಿದ್ದ. ಊಟ ಕಮ್ಮಿಯಾಯಿತು. ಗಂಟೆ ಹೊಡೆಯುವುದನ್ನು ಮರೆತು ಕೂರುತ್ತಿದ್ದ. ಹುಡುಗರು ಓಡಿಬಂದು ತಾವೇ ಹೊಡೆಯುತ್ತಿದ್ದರು. "ಕಳ್ಕೊಂಡಿದ್ದು ಸಿಗಲ್ವೇನ್ರಿ?" ಅನ್ನುವುದನ್ನು ಹೆಡ್ ಮಾಸ್ತರನ್ನೂ ಕೇಳಿದ, ಬಸ್ ಕಂಡಕ್ಟರನ್ನೂ ಕೇಳಿದ.

ಮೊಳಕಾಲ್ಮುರಿನಲ್ಲಿ ಇನ್ನೊಬ್ಬ ಪಾಸ್ಟರ್ ಇದ್ದಾರೆ, ಆಂಧ್ರದ ಕಡೆಯವರು, ರಕ್ಷಣೆ ಒಮ್ಮೆ ಸಿಕ್ಕರೆ ಹೋಗುವುದೇ ಇಲ್ಲ ಅಂತ ಬೋಧನೆ ಮಾಡುತ್ತಾರೆ ಅಂತ ಯಾರೋ ಅವನ ಕಿವಿಗೆ ಹಾಕಿದರು. ಒಬ್ಬನೇ ಹೋಗಲು ಧೈರ್ಯವಿಲ್ಲ. "ನೀವೂ ಬರ್ರಿ, ನಂಗೆ ಮಾತು ಬರಲ್ಲ" ಅಂತ ಗಂಟುಬಿದ್ದ. ರಜೆ ಹಾಕಿ ಹೋದೆ. ಬಸ್ಸಿನಲ್ಲಿ ಅವನು ಒಗೆದ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿಕೊಂಡು, ಹೆಣ್ಣು ನೋಡಲು ಹೊರಟವನ ಹಾಗೆ ಕೂತಿದ್ದ. ಬಹಳ ದಿನದ ಮೇಲೆ ಕಡಲೆಕಾಯಿ ಕೊಂಡು ತಿಂದ, ನನಗೂ ಸುಲಿದು ಕೊಟ್ಟ.

ಮೊಳಕಾಲ್ಮುರಿನಲ್ಲಿ ಮಗ್ಗದ ಮನೆಗಳ ಸಾಲಿನ ಕೊನೆಗೆ ಅವರ ಮನೆ. ವಯಸ್ಸಾದವರು, ಮೃದು ಮಾತು, ಅರ್ಧ ತೆಲುಗು ಅರ್ಧ ಕನ್ನಡ. ಇವನು ಪ್ರಶ್ನೆ ಕೇಳುವ ಮೊದಲೇ ಅವರಿಗೆ ಪ್ರಶ್ನೆ ಗೊತ್ತಿತ್ತು.

"ರಕ್ಷಣ ಪೋದು ನಾಯನಾ, ಪೋನೇ ಪೋದು. ತಂದೆ ಕೈಯೊಳಗೆ ಇಟ್ಕೊಂಡಿದ್ದನ್ನ ಯಾರು ಕಿತ್ಕೊಳ್ತಾರೆ? ಹೋಗೋದೇ ಇಲ್ಲ. ನೀನೇ ಬಿಟ್ರೂ ಆತ ಬಿಡಲ್ಲ."

ಅವನು ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಸಾಕು, ಇಲ್ಲಿಂದ ಎದ್ದು ಹೋಗೋಣ ಅನ್ನಿಸಿತು. ಅವನು ಪ್ರಾಮಾಣಿಕ, ಏಳಲಿಲ್ಲ. ಕಣ್ಣು ಒರೆಸಿಕೊಂಡು ಎತ್ತಿನ ಸಂಗತಿ ಎಲ್ಲ ಹೇಳಿದ. ಹಣೆ ಮುಟ್ಟಿಸಿದ್ದು, ಸ್ವಾಮೀ ಅಂದದ್ದು, ದೆವ್ವ ಅನ್ನಲು ಆಗದೇ ಹೋದದ್ದು.

ಆ ಹಿರಿಯರು ಅವನ ಬೆನ್ನಮೇಲೆ ಕೈಯಿಟ್ಟು, "ನಿಜವಾಗಿ ಹೊಸದಾಗಿ ಹುಟ್ಟಿದವನ ತಲೆ ಅಲ್ಲಿ ಬಾಗಲ್ಲ ನಾಯನಾ" ಅಂದರು. "ರಕ್ಷಣೆ ಹೋಗಲ್ಲ, ಅದು ಸತ್ಯ. ಆದ್ರೆ ನಿಂಗೆ ಅದು ಸಿಕ್ಕಿತ್ತೋ ಇಲ್ಲೋ, ನಿನ್ನ ಮನಸ್ಸನ್ನ ಕೇಳ್ಕೋ. ಮಗಳ ಸಲುವಾಗಿ ನೀರಿಗಿಳಿದೆಯೋ, ಆತನ ಸಲುವಾಗಿ ಇಳಿದೆಯೋ?"

ನಾನು ಎದ್ದು ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ಸೀರೆಗೆ ದಾರ ಜೋಡಿಸುತ್ತಿದ್ದ ಪಕ್ಕದ ಮನೆಯವರು ಕೆಲಸ ಬಿಟ್ಟು ಇಣುಕಿದರು. ಆ ಪಾಸ್ಟರ್ ಒಂದಕ್ಕೂ ಸಿಟ್ಟಾಗಲಿಲ್ಲ, ನನಗೂ ಸೇರಿಸಿ ಪ್ರಾರ್ಥನೆ ಮಾಡಿದರು. ನನಗೆ ಅದಕ್ಕೆ ಇನ್ನೂ ಸಿಟ್ಟು ಬಂತು.

ವಾಪಸ್ ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತ. ಚಳ್ಳಕೆರೆ ಹತ್ತಿರ ಬಂದಾಗ ಮಾತಾಡಿದ.

"ಅವ್ರು ಕಳ್ಕೊಂಡೆ ಅಂದ್ರು. ಇವ್ರು ಇರ್ಲೇ ಇಲ್ಲ ಅಂತಾರೆ. ಅವ್ರ ಮಾತೇ ವಾಸಿ ಇತ್ತು ರೀ ಟೀಚರಮ್ಮ. ಒಂದ್ಸಲ ಆದ್ರೂ ನನ್ನ ಹತ್ರ ಇತ್ತು ಅಂತಿತ್ತು."

ನಾನು ಏನೋ ಸಮಾಧಾನ ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ. "ಆ ಯಪ್ಪ ಕೇಳಿದ್ದು ನಿಜ," ಅಂದ. "ನಾನು ಕೂಸಿನ ಸಲುವಾಗೇ ಇಳಿದಿದ್ದು. ಇನ್ಯಾರ ಸಲುವಾಗಿ ಇಳೀಲಿ?"

ಸಕ್ಕರೆ ಕಾಯಿಲೆ ಇದೆ ಅಂತ ಅವನಿಗೆ ಗೊತ್ತಿತ್ತು, ಮಾತ್ರೆ ಬಿಟ್ಟಿದ್ದ. ಬರಿಗಾಲಿಗೆ ಮುಳ್ಳು ಚುಚ್ಚಿ ಗಾಯವಾಯಿತು, ಗಾಯ ಕೀವಾಯಿತು, ಕಾಲು ಕಪ್ಪಾಗುವ ತನಕ ಯಾರಿಗೂ ತೋರಿಸಲಿಲ್ಲ. ತೋರಿಸಬೇಕು ಅಂತ ಅವನಿಗೆ ಅನ್ನಿಸಿಯೇ ಇರಲಿಲ್ಲ ಅಂತ ಕಾಣುತ್ತದೆ. ಚಳ್ಳಕೆರೆಯ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ನಂಜು ಮೈಗೆಲ್ಲ ಏರಿತ್ತು. ನಾನು ಆಗ ನಿವೃತ್ತಿಯಾಗಿದ್ದೆ, ದಿನಾ ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ. ಅವನ ತಮ್ಮ ಹಾಸಿಗೆಯ ಪಕ್ಕದಲ್ಲೇ ಕೂತಿರುತ್ತಿದ್ದ. ಎತ್ತಿಗೆ ನೀರು ಕೊಟ್ಟ ದಿನದಿಂದ ಹಟ್ಟಿಯವರು ಇವನನ್ನು ಒಳಗೆ ಸೇರಿಸಿಕೊಂಡಿದ್ದರು. ಇವನಿಗೆ ಅದು ಬೇಡವಾಗಿತ್ತು.

ಕೊನೆಯ ಸಲ ಹೋದಾಗ ಪೂರ್ತಿ ಎಚ್ಚರವಿದ್ದ. ಕೂರಲು ಹೇಳಿದ.

"ನರಕ ಆದ್ರೂ ತಡ್ಕೊಂತೀನಿ ರೀ. ಬೆಂಕಿಗೆ ಹೆದ್ರಲ್ಲ ನಾನು. ಅವಳು ಬಾಗ್ಲಾಗೆ ನಿಂತಿರ್ತಾಳೆ. ಬಾ ಅಂತ ಕರ್ದು ಹೋಗ್ಯಾಳೆ, ನಿಂತೇ ಇರ್ತಾಳೆ. ಅಪ್ಪ ಬರಲ್ಲ ಅಂತ ಅವಳಿಗೆ ಹೇಳೋರು ಯಾರ್ರಿ?"

"ಹೋಗ್ತೀಯ, ಅವಳನ್ನ ನೋಡ್ತೀಯ. ಸುಮ್ನೆ ಮಲ್ಕೋ" ಅಂದೆ, ಕ್ಲಾಸಿನಲ್ಲಿ ಗದರುವ ದನಿಯಲ್ಲೇ.

ಅವನು ಸ್ವಲ್ಪ ನಕ್ಕ. "ನೀವು ನಮ್ಮೋರಲ್ಲಲ್ರಿ ಟೀಚರಮ್ಮ. ನಿಮ್ಮ ಮಾತು ಅಲ್ಲಿ ನಡೆಯಲ್ಲ."

ಮಾರನೇ ದಿನ ಹೋದ. ಮಗಳ ಪಕ್ಕ ಜಾಗ ಕೊಡಿ ಅಂತ ಚಳ್ಳಕೆರೆಯ ಪಾಸ್ಟರನ್ನು ಕೇಳಿಕೊಂಡೆ, ಕೈಮುಗಿದು ಕೇಳಿದೆ. ಸಭೆಯ ಹಿರಿಯರು ಒಪ್ಪಲಿಲ್ಲ ಅಂತ ಅಳುತ್ತಾ ಬಂದು ಹೇಳಿದ ಆ ಹುಡುಗ. ಹಟ್ಟಿಯವರು ಕೊಂಡೊಯ್ದು, ಅರಿಶಿನ ಹಚ್ಚಿ, ಹೊಸ ಕಂಬಳಿ ಹೊದಿಸಿ, ತಮ್ಮ ಹಿರಿಯರ ಸಾಲಿನಲ್ಲಿ ಮಣ್ಣು ಮಾಡಿದರು. ಬಹಳ ಮರ್ಯಾದೆಯಿಂದ ಮಾಡಿದರು. ಪಾಸ್ಟರ್ ದೂರದಲ್ಲಿ ಬೈಕ್ ನಿಲ್ಲಿಸಿಕೊಂಡು ಕೊನೆವರೆಗೂ ನಿಂತಿದ್ದ, ಹತ್ತಿರ ಬರಲಿಲ್ಲ.

ನಾನು ಅಲ್ಲಿಂದ ಮನೆಗೆ ಹೋಗಲಿಲ್ಲ. ಆಟೋ ಹಿಡಿದು ಸಭೆಯವರ ಆ ತುಂಡು ನೆಲಕ್ಕೆ ಹೋದೆ. ಜಾಲಿಗಿಡಗಳ ನಡುವೆ ಅವಳದೊಂದು ಸಿಮೆಂಟಿನ ಶಿಲುಬೆ. ಅವರ ಪ್ರಾರ್ಥನೆ ನನಗೆ ಬರುವುದಿಲ್ಲ, ನಮ್ಮದು ಅಲ್ಲಿ ನಡೆಯುವುದಿಲ್ಲ. ಹಾಜರಿ ಕರೆಯುವ ದನಿಯಲ್ಲೇ ಮಾತಾಡಿದೆ.

"ಲೇ ಕೂಸೇ, ನಿಮ್ಮಪ್ಪ ಹೊರಟಿದಾನೆ. ಬಾಗಿಲಲ್ಲಿ ಅವನನ್ನ ತಡೀತಾರೆ. ಅವನು ಜಗಳ ಆಡೋನಲ್ಲ, ತಲೆ ಬಗ್ಗಿಸಿ ನಿಂತ್ಕೊಂತಾನೆ. ನೀನೇ ಹೊರಗೆ ಬಂದು ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಹೋಗು. ಬಿಡಲ್ಲ ಅಂದ್ರೆ ನೀನೂ ಒಳಗೆ ಹೋಗಬೇಡ. ಇಬ್ಬರೂ ಹೊರಗೇ ಇರ್ರಿ."